ಐವತ್ತು ವರ್ಷದ ಮಾತು

ಮೊಳಕಾಲ್ಮುರು
12 ಜೂನ್ 2025

ಮಾನ್ಯ ಮಲ್ಲಿಕ್ ಅವರಿಗೆ ನಮಸ್ಕಾರ.

ನಿಮಗೆ ನನ್ನ ಪರಿಚಯವಿಲ್ಲ. ಹೋದ ತಿಂಗಳು ಚಳ್ಳಕೆರೆಯ ಕಾಲೇಜಿನಲ್ಲಿ ನೀವು ಉಪನ್ಯಾಸ ಕೊಟ್ಟಾಗ ಕಿಟಕಿಯ ಪಕ್ಕ ಕೂತಿದ್ದೆ. ಬಸ್ಸಿಗೆ ಇನ್ನೂ ಹೊತ್ತಿತ್ತು, ನೆರಳಿದೆಯಲ್ಲ ಅಂತ ಒಳಗೆ ಬಂದವಳು. ನಾನು ವಿಜ್ಞಾನ ಓದಿಲ್ಲ. ನೀವು ಹೇಳಿದ್ದರಲ್ಲಿ ಬಹುಪಾಲು ತಿಳಿಯಲಿಲ್ಲ. ಆದರೆ ಒಂದು ಮಾತು ಮನಸ್ಸಿನಿಂದ ಹೋಗುತ್ತಿಲ್ಲ. ಈಗ ಕಂಪ್ಯೂಟರುಗಳಲ್ಲಿ ಹಾಕಿರುವ ಬೀಗಗಳನ್ನು ತೆಗೆಯಬಲ್ಲ ಯಂತ್ರವೊಂದು ನಮ್ಮ ಕಾಲದಲ್ಲೇ ಬರಬಹುದು ಎಂದಿರಿ. ಅದು ನಿಜವೇ?

ಯಾಕೆ ಕೇಳುತ್ತೇನೆಂದು ಹೇಳಬೇಕು. ನಾನು ಇಲ್ಲಿಯ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತೇನೆ. ನಮ್ಮಲ್ಲಿ ಪುಸ್ತಕಗಳ ಜೊತೆಗೆ ಒಂದು ಧ್ವನಿ ಭಂಡಾರವಿದೆ. ಕಾವಲಿನ ಹುಲ್ಲುಬಯಲಲ್ಲಿ ದನ ಕಾಯುವವರ ಹಾಡು, ರೇಷ್ಮೆ ಮಗ್ಗದವರ ಮಾತು, ಬೀಸುವ ಪದ, ಹೀಗೆ ಎಷ್ಟೋ. ಎಲ್ಲವನ್ನೂ ಕಂಪ್ಯೂಟರಿಗೆ ಸೇರಿಸಿ ಯಾವುದೋ ದೂರದ ಸರ್ವರಿನಲ್ಲಿ ಇಟ್ಟಿದ್ದೇವೆ. ಯಾರು ಬೇಕಾದರೂ ಕೇಳಬಹುದು. ಒಂದು ಕಟ್ಟನ್ನು ಮಾತ್ರ ಯಾರಿಗೂ ಕೊಡುವುದಿಲ್ಲ.

2014ರಲ್ಲಿ ಈ ಎರಡು ತಾಲ್ಲೂಕಿನ ಕೆಲವು ಹೆಂಗಸರು ಬಂದು ಮೈಕಿನ ಮುಂದೆ ಕೂತು ಮಾತಾಡಿದರು. ಚಿಕ್ಕಂದಿನಲ್ಲೇ ಅವರನ್ನು ದೇವರ ಹೆಸರಿನಲ್ಲಿ ಬಿಟ್ಟಿದ್ದರು. ಅವರಿಗೆ ಮದುವೆಯಿಲ್ಲ, ಅವರ ಮಕ್ಕಳಿಗೆ ತಂದೆಯ ಹೆಸರಿಲ್ಲ. ಯಾರು ಬಿಟ್ಟರು, ಯಾರು ಬಂದರು, ಯಾವ ಮಗು ಯಾರದು ಎಂದು ಅವರು ಹೆಸರು ಹಿಡಿದು ಹೇಳಿದ್ದಾರಂತೆ. ಹೇಳುವ ಮುಂಚೆ ಒಂದೇ ಕರಾರು ಹಾಕಿದರು: ಐವತ್ತು ವರ್ಷ ಯಾರೂ ಕೇಳಬಾರದು, ಹೆತ್ತ ಮಕ್ಕಳಂತೂ ಕೇಳಲೇಬಾರದು. ಆಗಲಿ ಎಂದು ಮಾತು ಕೊಟ್ಟವಳು ನಾನು. ಬೀಗದ ಕೈಯೂ ನನ್ನ ಹತ್ತಿರವೇ ಇದೆ. ನಾನೂ ಕೇಳಿಲ್ಲ.

ಆ ಬೀಗ ಐವತ್ತು ವರ್ಷ ತಡೆಯುತ್ತದೆಯೇ? ಇಷ್ಟು ತಿಳಿಸಿದರೆ ಉಪಕಾರವಾಗುತ್ತದೆ.

ಶಶಿರೇಖಾ

*

ಕುದಾಪುರ
24 ಜೂನ್ 2025

ಶಶಿರೇಖಾ ಮೇಡಂ ಅವರಿಗೆ,

ಕೈಬರಹದ ಕಾಗದ ನನಗೆ ಬಂದು ಎಷ್ಟು ವರ್ಷವಾಗಿತ್ತೋ! ಗೇಟಿನಲ್ಲಿ ಅದನ್ನು ಕೊಟ್ಟವರಿಗೂ ಆಶ್ಚರ್ಯ. ನೀವು ಕಾಗದ ಬರೆದದ್ದೇ ಒಳ್ಳೆಯದಾಯಿತು. ಕಾವಲಿನ ನಡುವೆ ಗೋಡೆ ಕಟ್ಟಿಕೊಂಡಿರುವ ನಮ್ಮ ಸಂಶೋಧನಾ ಕ್ಯಾಂಪಸ್ಸಿನೊಳಗೆ ಫೋನು ಬಿಡುವುದಿಲ್ಲ. ಅಲ್ಲದೆ ಇಂಥ ವಿಷಯಕ್ಕೆ ಅಂಚೆಯೇ ವಾಸಿ, ಹೀಗೇ ಬರೆಯೋಣ. ನಾನು ಚಳ್ಳಕೆರೆಯ ಹಳೇ ಪೇಟೆಯವನು. ಮನೆಯವರೆಲ್ಲ ವ್ಯಾಪಾರಸ್ಥರು, ಗಣಿತ ಹಿಡಿದವನು ನಾನೊಬ್ಬನೇ. ಮೊಳಕಾಲ್ಮುರು ನನಗೆ ಪಕ್ಕದ ಊರು. ಹೀಗಿದ್ದೂ ಅಲ್ಲಿ ಇಂಥದ್ದೊಂದು ಭಂಡಾರವಿದೆ ಎಂದು ತಿಳಿದಿರಲಿಲ್ಲ.

ನಿಮ್ಮ ಪ್ರಶ್ನೆಗೆ ಬರುತ್ತೇನೆ. ನಿಮ್ಮ ಧ್ವನಿಗಳನ್ನಿಟ್ಟ ಪೆಟ್ಟಿಗೆಯ ಬೀಗ ಗಟ್ಟಿಯದೇ. ಆದರೆ ಆ ಬೀಗದ ಕೈಯನ್ನು ಇನ್ನೊಂದು ಸಣ್ಣ ಪೆಟ್ಟಿಗೆಯಲ್ಲಿಟ್ಟು, ಅದನ್ನೂ ಅದರ ಜೊತೆಗೇ ಇಟ್ಟಿರುತ್ತಾರೆ. ಎಲ್ಲರೂ ಮಾಡುವುದು ಹಾಗೆಯೇ. ಆ ಸಣ್ಣ ಪೆಟ್ಟಿಗೆಯ ಬೀಗ ನಿಂತಿರುವುದು ಒಂದು ದೊಡ್ಡ ಸಂಖ್ಯೆಯ ಮೇಲೆ. ಎರಡು ಸಂಖ್ಯೆಗಳನ್ನು ಗುಣಿಸಿ ಅದನ್ನು ಮಾಡಿರುತ್ತಾರೆ. ಗುಣಿಸುವುದಕ್ಕೆ ಕಣ್ಣು ಮಿಟುಕಿಸುವಷ್ಟು ಹೊತ್ತು ಸಾಕು. ಗುಣಲಬ್ಧವನ್ನು ಕೊಟ್ಟು, ಯಾವ ಎರಡನ್ನು ಗುಣಿಸಿದ್ದು ಎಂದು ಕೇಳಿದರೆ, ಈಗಿನ ಕಂಪ್ಯೂಟರುಗಳೆಲ್ಲ ಸೇರಿ ಈ ಭೂಮಿ ಇರುವ ತನಕ ಹುಡುಕಿದರೂ ಸಿಗುವುದಿಲ್ಲ.

ಬರಲಿರುವ ಯಂತ್ರ ಹುಡುಕುವ ರೀತಿಯೇ ಬೇರೆ. ಅದು ಒಂದೊಂದೇ ಬೀಗದ ಕೈ ಹಾಕಿ ನೋಡುವುದಿಲ್ಲ. ಆ ಸಂಖ್ಯೆಯೊಳಗೆ ಒಂದು ಲಯ ಅಡಗಿರುತ್ತದೆ. ಊರಾಚೆ ಉರುಮೆ ಬಾರಿಸುತ್ತಿದ್ದರೆ, ಬಾರಿಸುವವನು ಕಾಣದಿದ್ದರೂ ಪೆಟ್ಟು ಎಷ್ಟಕ್ಕೊಮ್ಮೆ ತಿರುಗಿ ಬರುತ್ತದೆ ಎಂದು ನಮ್ಮ ಕಾಲಿಗೆ ಗೊತ್ತಾಗುತ್ತದಲ್ಲ, ಹಾಗೆ ಆ ಯಂತ್ರ ಸಂಖ್ಯೆಯ ಲಯವನ್ನು ಹಿಡಿಯುತ್ತದೆ. ಲಯ ಸಿಕ್ಕರೆ ಬೀಗ ತೆರೆದ ಹಾಗೆಯೇ. ಇದನ್ನು ಮೊದಲ ಸಲ ಓದಿದ ದಿನ ಪುಸ್ತಕ ಮುಚ್ಚಿ ಹೊರಗೆ ಹೋಗಿ ನಿಂತುಬಿಟ್ಟಿದ್ದೆ. ಸಂಖ್ಯೆಗಳ ಒಳಗೆ ಸಂಗೀತವಿದೆ ಎಂದು ಯಾರೂ ನನಗೆ ಹೇಳಿರಲಿಲ್ಲ. ಅಷ್ಟು ದೊಡ್ಡ ಯಂತ್ರ ಇನ್ನೂ ಎಲ್ಲಿಯೂ ಇಲ್ಲ. ಹತ್ತು ವರ್ಷಕ್ಕೆ ಬರಬಹುದು, ಇಪ್ಪತ್ತಕ್ಕೆ ಬರಬಹುದು.

ಹೆದರಬೇಡಿ. ಹೊಸ ಬೀಗಗಳು ಬಂದಿವೆ. ನಿಮ್ಮೂರಿನ ಮಗ್ಗದಲ್ಲಿ ಹಾಸು ಒಂದು ದಿಕ್ಕು, ಹೊಕ್ಕು ಒಂದು ದಿಕ್ಕು. ಬಟ್ಟೆಯ ಮೇಲೆ ಸೂಜಿ ಊರಿ, ಇದಕ್ಕೆ ಹತ್ತಿರದ ಗಂಟು ಯಾವುದು ಅಂದರೆ ಯಾರಾದರೂ ಹೇಳುತ್ತಾರೆ. ನೂರಾರು ದಿಕ್ಕುಗಳಿಗೆ ಎಳೆ ಹಾಯ್ದ ಬಟ್ಟೆಯೊಂದಿದ್ದರೆ? ಅಲ್ಲಿ ಹತ್ತಿರದ ಗಂಟನ್ನು ಹುಡುಕುವ ದಾರಿ ಮನುಷ್ಯನಿಗೂ ತಿಳಿದಿಲ್ಲ, ಆ ಯಂತ್ರಕ್ಕೂ ತಿಳಿದಿಲ್ಲ ಎಂದೇ ಇಲ್ಲಿಯವರೆಗಿನ ನಂಬಿಕೆ. ಹೊಸ ಬೀಗ ಅಂಥ ಬಟ್ಟೆಯಿಂದ ಆದದ್ದು. ನಿಮ್ಮ ಕಟ್ಟಿಗೆ ಅದನ್ನು ಹಾಕಿಕೊಡುತ್ತೇನೆ. ನನಗೆ ಇದು ಗೌರವದ ಕೆಲಸ.

ನಿಮ್ಮ
ಮಲ್ಲಿಕ್

*

ಮೊಳಕಾಲ್ಮುರು
9 ಜುಲೈ 2025

ಮಲ್ಲಿಕ್ ಅವರಿಗೆ,

ನಿಮ್ಮ ಕಾಗದವನ್ನು ಎರಡು ಸಲ ಓದಿದೆ. ನೂರಾರು ದಿಕ್ಕಿನ ಬಟ್ಟೆ ಕಣ್ಣಿಗೆ ಕಟ್ಟಲಿಲ್ಲ. ಪಕ್ಕದ ಬೀದಿಯ ಮುರುಗೇಂದ್ರಪ್ಪನವರು ಹುಟ್ಟಿದಾಗಿನಿಂದ ಮಗ್ಗದ ಮೇಲಿದ್ದವರು. ಅವರನ್ನು ಕೇಳಿದೆ. "ಅಂಥಾ ಸೀರೆ ಉಟ್ಕಂಡೋರು ಹೊರಕ್ ಬರೋದ್ ಹೆಂಗಮ್ಮ?" ಅಂದರು.

ಆ ಹೆಂಗಸರಲ್ಲಿ ಬಹಳ ಮಂದಿ ತೀರಿಹೋಗಿದ್ದಾರೆ. ಉಳಿದವರಲ್ಲಿ ಹಿರಿಯಳು ಗೌರಸಮುದ್ರದ ಚಿಕ್ಕಕ್ಕ, ಎಂಬತ್ತು ದಾಟಿದವಳು. ಭಾನುವಾರ ಹೋಗಿ ಅವಳಿಗೆ ಹೇಳಿ ಬಂದೆ. ಬೀಗ ಒಡೆಯುವ ಯಂತ್ರ ಬರುತ್ತದಂತೆ, ಆದರೆ ಅದರಪ್ಪನಂಥ ಬೀಗವೂ ಬಂದಿದೆಯಂತೆ ಅಂದೆ. ಅವಳಿಗೆ ಬೀಗಕ್ಕಿಂತ ನಿಮ್ಮ ಮೇಲೇ ಆಸಕ್ತಿ.

"ಗೋಡೆ ಒಳಗಿನೋರು ನಮ್ಮ ಮಾತಿಗೆ ಬೀಗ ಹಾಕಿಕೊಡ್ತಾರಂತಾ?"

"ಹೂಂ ಚಿಕ್ಕಕ್ಕ."

"ಆ ಕಾವಲ್‍ನಾಗೆ ದನ ಮೇಸ್ತಿದ್ದೆ ನಾನು. ಗೋಡೆ ಬಂತು, ದಾರಿ ಹೋತು. ಈಗ ಆ ಗೋಡೆ ನಮ್ಮ ಮಾತು ಕಾಯ್ತೈತೆ ಅನ್ನು!" ಎಂದು ಬೊಚ್ಚು ಬಾಯಿ ಬಿಟ್ಟು ನಕ್ಕಳು. ಅವಳ ಮಗ ಹೊನ್ನೂರಸ್ವಾಮಿ ಟ್ರ್ಯಾಕ್ಟರ್ ಓಡಿಸುತ್ತಾನೆ, ಐವತ್ತು ದಾಟಿದವನು. ಅವನು ಒಳಗೆ ಬಂದ ಕೂಡಲೇ ಮಾತು ತಿರುಗಿಸಿ ಶೇಂಗಾ ಬೆಳೆಯ ವಿಷಯ ತೆಗೆದಳು.

ನನ್ನ ಎದೆ ಹಗುರವಾಗಿದೆ. ಒಂದು ಸಣ್ಣ ಸಂಗತಿ ಹೇಳುವುದು ಮರೆತಿದ್ದೆ. ಮಾರ್ಚಿನಲ್ಲಿ ಯಾರೋ ಹೊರಗಿನವರು ಸರ್ವರಿಗೆ ನುಗ್ಗಿ ಇಡೀ ಭಂಡಾರವನ್ನು ಪ್ರತಿ ಮಾಡಿಕೊಂಡು ಹೋದರಂತೆ. ಮುಚ್ಚಿದ ಕಟ್ಟೂ ಅದರಲ್ಲಿ ಸೇರಿದೆ. ಬೀಗವೇನೂ ಒಡೆದಿಲ್ಲ, ಚಿಂತೆ ಬೇಡ ಎಂದು ಸರ್ವರಿನವರು ಬರೆದಿದ್ದರು. ಹೇಗೂ ಈಗ ಹೊಸ ಬೀಗ ಬೀಳುತ್ತದಲ್ಲ. ನೀವು ಯಾವಾಗ ಬರುತ್ತೀರಿ?

ವಂದನೆಗಳೊಂದಿಗೆ
ಶಶಿರೇಖಾ

*

ಕುದಾಪುರ
15 ಜುಲೈ 2025

ಮೇಡಂ,

ಇದನ್ನು ಸುತ್ತಿ ಬಳಸಿ ಬರೆಯಲು ನನಗೆ ಬರುವುದಿಲ್ಲ. ಅದು ಸಣ್ಣ ಸಂಗತಿಯಲ್ಲ.

ಹೊಸ ಬೀಗವನ್ನು ನಮ್ಮ ಕೈಯಲ್ಲಿರುವ ಪ್ರತಿಗೆ ಮಾತ್ರ ಹಾಕಬಹುದು. ಹೊತ್ತುಕೊಂಡು ಹೋದ ಪ್ರತಿಗೆ ಹಳೇ ಬೀಗವೇ ಇರುತ್ತದೆ. ಅದನ್ನು ಅವರು ಈಗ ತೆಗೆಯಲಾರರು. ಇಟ್ಟುಕೊಂಡು ಕಾಯಬಲ್ಲರು. ಜಗತ್ತಿನಲ್ಲಿ ಹೀಗೆ ಸಿಕ್ಕಿದ್ದನ್ನೆಲ್ಲ ಬಾಚಿಕೊಂಡು ಆ ಯಂತ್ರಕ್ಕಾಗಿ ಕಾಯುವವರಿದ್ದಾರೆ. ನಿಮ್ಮ ಕಟ್ಟಿನಲ್ಲಿ ಏನಿದೆಯೆಂದು ಅವರಿಗೆ ಗೊತ್ತಿರಲಿಕ್ಕಿಲ್ಲ. ಅದನ್ನೇ ಹುಡುಕಿ ಬಂದವರೂ ಅಲ್ಲದಿರಬಹುದು. ಆದರೂ ಆ ಯಂತ್ರ ಬಂದ ದಿನ ಆ ಧ್ವನಿಗಳು ತೆರೆದುಕೊಳ್ಳಬಹುದು. ಅವುಗಳನ್ನು ಹಿಂದಕ್ಕೆ ತರುವ ಗಣಿತ ನನಗೆ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ.

ಚಿಕ್ಕಕ್ಕನಿಗೆ ನೀವು ಧೈರ್ಯ ಕೊಟ್ಟು ಬಂದದ್ದು ನನ್ನ ಮಾತು ನಂಬಿಯೇ.

ಮಲ್ಲಿಕ್

*

ಕುದಾಪುರ
20 ಆಗಸ್ಟ್ 2025

ಮೇಡಂ,

ನಿಮ್ಮಿಂದ ಉತ್ತರವಿಲ್ಲ. ಕೋಪ ಬಂದಿರಬೇಕು. ಗೋಡೆಯೊಳಗೆ ಕೂತು ಸಂಖ್ಯೆಯ ಸಂಗೀತ ಎಂದೆಲ್ಲ ಬರೆದವನ ಮೇಲೆ ಕೋಪ ಬಂದರೆ ತಪ್ಪೇನಲ್ಲ.

ಈ ಸಲ ಮಳೆ ಬಿದ್ದು ಕಾವಲಿನಲ್ಲಿ ಹುಲ್ಲು ಮೊಣಕಾಲಿನ ತನಕ ಎದ್ದಿದೆ. ಸಂಜೆ ಗೋಡೆಯ ಪಕ್ಕ ನಡೆಯುವಾಗ ಒಂದು ಕೃಷ್ಣಮೃಗ ಕಂಡೆ. ಗೋಡೆಯವರೆಗೆ ಓಡಿ ಬಂದು, ನಿಂತು, ಅದನ್ನೇ ನೋಡುತ್ತಿತ್ತು. ಅದರ ಅಜ್ಜಿ ಮುತ್ತಜ್ಜಿಯರು ಓಡಾಡಿದ ದಾರಿ ಅದರ ಕಾಲಿನಲ್ಲಿ ಇನ್ನೂ ಇದೆಯೇನೋ ಅನಿಸಿತು. ನಿಮ್ಮ ಚಿಕ್ಕಕ್ಕ ಹೇಳಿದ ದಾರಿ ಇದೇ ಇರಬೇಕು. ಇಲ್ಲಿ ನಾಲ್ಕು ವರ್ಷ ಕೆಲಸ ಮಾಡಿದ ಮೇಲೂ ಈ ಗೋಡೆಯ ಅಡಿಯಲ್ಲಿ ದಾರಿಯೊಂದಿತ್ತು ಎಂದು ನಾನು ಯೋಚಿಸಿರಲಿಲ್ಲ.

ಉಳಿದಿರುವುದನ್ನಾದರೂ ಕಾಪಾಡಲು ಬಿಡಿ. ಬೈದಾದರೂ ಒಂದು ಸಾಲು ಬರೆಯಿರಿ.

ಮಲ್ಲಿಕ್

*

ಮೊಳಕಾಲ್ಮುರು
28 ಸೆಪ್ಟೆಂಬರ್ 2025

ಮಲ್ಲಿಕ್ ಅವರಿಗೆ,

ನನಗೆ ಕೋಪ ಬಂದಿರಲಿಲ್ಲ. ಭಯವಾಗಿತ್ತು. ಭಯವಾದರೆ ನನಗೆ ಬರೆಯಲು ಆಗುವುದಿಲ್ಲ, ಕೆಲಸ ಮಾತ್ರ ಆಗುತ್ತದೆ. ಗ್ರಂಥಾಲಯದ ಕಪಾಟುಗಳನ್ನೆಲ್ಲ ಇಳಿಸಿ ಒರೆಸಿದೆ. ಇನ್ನು ಒರೆಸಲು ಏನೂ ಉಳಿಯದಿದ್ದಾಗ ಬಸ್ಸು ಹತ್ತಿದೆ.

ಮೊದಲು ಆ ಹೆಂಗಸರಲ್ಲಿ ಇನ್ನೊಬ್ಬಳಾದ ಮಂಜಮ್ಮನ ಮನೆಗೆ ಹೋದೆ. ನಡೆದದ್ದೆಲ್ಲ ಹೇಳಿದೆ. "ಹೋಗಿದ್ದು ಹೋತು. ಇರೋದಕ್ಕಾದ್ರೂ ಗಟ್ಟಿ ಬೀಗ ಹಾಕವ್ವ. ಮಗಳ ಸಂಸಾರ ಚೆನ್ನಾಗೈತೆ, ಅವಳ ಮುಂದೆ ನಾನು ಬಾಯಿ ಬಿಡಾಕಿಲ್ಲ" ಅಂದಳು. ಆಗಲಿ ಎಂದು ಬಂದೆ.

ಆಮೇಲೆ ಗೌರಸಮುದ್ರ. ಚಿಕ್ಕಕ್ಕ ಕಟ್ಟೆಯ ಮೇಲೆ ಮೊರ ಇಟ್ಟುಕೊಂಡು ಶೇಂಗಾ ಸುಲಿಯುತ್ತಿದ್ದಳು.

"ರಾಮ್ಮಾ, ಕೂರ್ಚೋ," ಎಂದು ಬಂದು ಕೂರಲು ಹೇಳಿದಳು. ಮನಸ್ಸು ಚೆನ್ನಾಗಿದ್ದರೆ ಅವಳ ಬಾಯಲ್ಲಿ ಮೊದಲು ತೆಲುಗೇ ಬರುವುದು. "ಮತ್ಯಾಕ್ ಬಂದೆ? ಏನೂ ಭಯ ಇಲ್ಲ ಅಂದಿದ್ಯಲ್ಲ?"

"ನಾನೇ ತಪ್ಪು ತಿಳ್ಕಂಡಿದ್ದೆ ಚಿಕ್ಕಕ್ಕ. ನಿಮ್ಮ ಮಾತನ್ನ ಯಾರೋ ಬೀಗದ ಸಮೇತ ಎತ್ಕಂಡು ಹೋಗವ್ರೆ. ಈಗ ತೆಗಿಯಾಕ್ ಆಗಲ್ಲ. ಮುಂದೊಂದಿನ ತೆಗೀಬೋದು."

"ಯಾರವ್ರು?"

"ಗೊತ್ತಿಲ್ಲ."

"ಕನ್ನಡ ಬರ್ತೈತಾ ಅವ್ರಿಗೆ?"

"ಅದೂ ಗೊತ್ತಿಲ್ಲ."

ಅವಳು ಸುಲಿಯುವುದನ್ನು ನಿಲ್ಲಿಸಲಿಲ್ಲ. ಸುಲಿದ ಕಾಳನ್ನು ಮೊರಕ್ಕೆ ಹಾಕಿ ಕೇಳಿದಳು: "ಯಾವಾಗ ತೆಗೀತಾರೆ?"

"ಹತ್ತು ವರ್ಷ ಆಗ್ಬೋದು, ಇಪ್ಪತ್ತಾಗ್ಬೋದು."

"ನಾನಿರಲ್ಲ. ಹೊನ್ನೂರ ಇರ್ತಾನೆ." ಮೊರವನ್ನು ಪಕ್ಕಕ್ಕೆ ಸರಿಸಿದಳು. "ಐವತ್ತು ವರ್ಷ ಅಂತ ಯಾಕಂದೆ ಗೊತ್ತಾ? ಅಷ್ಟೊತ್ತಿಗೆ ಇವ್ನೂ ಇರಲ್ಲ, ನೋಯೋರು ಯಾರೂ ಇರಲ್ಲ ಅಂತ. ಈಗ ಇವನ ಅಪ್ಪನ ಹೆಸರ್ನ ಯಾವುದೋ ದೇಶದ ಮಿಷನ್ನು ಹೇಳ್ಬೇಕಾ? ನಾನೇನ್ ಸತ್ತಿದೀನಾ?" ಎಂದವಳೇ ಕೂಗಿದಳು, "ಲೇ ಹೊನ್ನೂರ, ಬಾ ಇಲ್ಲಿ."

ನಾನು ಎದ್ದೆ. ಅವಳು ನನ್ನ ಕೈ ಹಿಡಿದಳು. "ನೀನು ಊರಿಗೆ ಹೋಗ್ಬ್ಯಾಡ. ಆ ಮರದ ತಾವ ನಿಂತ್ಕೋ. ಕೇಳಲ್ಲ ಅಂತ ಮಾತು ಕೊಟ್ಟಿದೀಯ, ಅದು ಕೆಡಬಾರದು."

ನಾನು ಬೇವಿನ ಮರದ ಹತ್ತಿರ ಹೋಗಿ ನಿಂತೆ. ಹೊನ್ನೂರಸ್ವಾಮಿ ಗ್ರೀಸ್ ಮೆತ್ತಿದ ಕೈ ಒರೆಸಿಕೊಳ್ಳುತ್ತಾ ಬಂದು ಅವ್ವನ ಕಾಲ ಬಳಿ ಕೂತ. ಅವಳು ಬಗ್ಗಿ ಅವನ ಕಿವಿಯಲ್ಲಿ ಹೇಳಿದಳು. ನಾಮಕರಣದ ದಿನ ಮಗುವಿನ ಕಿವಿಯಲ್ಲಿ ಹೆಸರು ಹೇಳುತ್ತಾರಲ್ಲ, ಥೇಟ್ ಹಾಗೇ ಬಗ್ಗಿದ್ದಳು. ನಾನು ಬೀಗದ ಬಗ್ಗೆ, ಯಂತ್ರದ ಬಗ್ಗೆ ತಿಂಗಳುಗಟ್ಟಲೆ ಯೋಚಿಸಿದ್ದೆ. ಒಂದು ಬಾಯಿ, ಒಂದು ಕಿವಿ, ಇಷ್ಟರಲ್ಲೇ ಆ ಕೆಲಸ ಮುಗಿಯಿತು.

ಅವಳು ಕೈ ಬೀಸಿ ಕರೆದ ಮೇಲೆ ಹತ್ತಿರ ಹೋದೆ. ಹೊನ್ನೂರಸ್ವಾಮಿ ನೆಲ ನೋಡುತ್ತಾ ಕೂತಿದ್ದ. ಅವನು ಕೇಳಿದ್ದು ಒಂದೇ ಪ್ರಶ್ನೆ.

"ನನ್ನ ಎತ್ಕಂಡಿದ್ನಾ ಅವ್ವ, ಯಾವತ್ತಾದ್ರೂ?"

"ಒಂದು ಸಲ. ನಿನಗೆ ಜ್ವರ ಬಂದು ಕಣ್ಣೇ ಬಿಡ್ತಿರ್ಲಿಲ್ಲ. ಹೆಗಲ ಮೇಲೆ ಹಾಕ್ಕಂಡು ಡಾಕ್ಟ್ರ ತಾವ ನಡೆದ. ನಾನು ಕೊಡು ಅಂದ್ರೂ ಕೊಡ್ಲಿಲ್ಲ."

ಅವನು ತಲೆಯಾಡಿಸಿದ. ಆಮೇಲೆ ಮೊರವನ್ನು ತನ್ನ ಕಡೆಗೆ ಎಳೆದುಕೊಂಡು ಶೇಂಗಾ ಸುಲಿಯಲು ಶುರುಮಾಡಿದ. ತಾಯಿ ಮಗ ಇಬ್ಬರೂ ಸುಲಿಯುತ್ತಾ ಕೂತರು.

ಬಸ್ಸಿನ ತನಕ ನನ್ನನ್ನು ಟ್ರ್ಯಾಕ್ಟರಿನಲ್ಲೇ ಬಿಟ್ಟ. ಇಳಿಯುವಾಗ ಹೇಳಿದ: "ಆ ಮನುಷ್ಯ ಸತ್ತಾಗ ನಾನೂ ಹೋಗಿದ್ದೆ ಮೇಡಂ. ಊರೋರೆಲ್ಲ ಹೂವ ಹಾಕಿದ್ರು, ನಾನೂ ಹಾಕ್ದೆ. ಮಗ ಮಾಡೋ ಕೆಲ್ಸ ಒಂದಾದ್ರೂ ಆಗೈತೆ ನೋಡ್ರಿ."

ನಾನು ಇದನ್ನೆಲ್ಲ ಯಾರಿಗೂ ಹೇಳಿಲ್ಲ. ಅವರಿಬ್ಬರ ಒಪ್ಪಿಗೆ ಕೇಳಿ ನಿಮಗೆ ಬರೆದಿದ್ದೇನೆ.

ಶಶಿರೇಖಾ

*

ಕುದಾಪುರ
8 ಅಕ್ಟೋಬರ್ 2025

ಶಶಿರೇಖಕ್ಕ,

ಅಕ್ಕ ಎನ್ನಬಹುದೇ? ನಿಮ್ಮ ಕಾಗದ ಓದಿದ ಮೇಲೆ ಮೇಡಂ ಎಂದು ಬರೆಯಲು ಪೆನ್ನು ಏಳುತ್ತಿಲ್ಲ.

ನಾನು ಕಲಿತ ಗಣಿತವೆಲ್ಲ ಒಂದು ಮಾತನ್ನು ತಿಳಿಯಬಾರದವರಿಂದ ದೂರ ಇಡುವುದು ಹೇಗೆ ಎಂಬುದರ ಬಗ್ಗೆ. ತಿಳಿಯಬೇಕಾದವನಿಗೆ ಅದನ್ನು ಮುಟ್ಟಿಸುವುದು ಹೇಗೆ ಎಂದು ಯೋಚಿಸಿದವನೇ ಅಲ್ಲ. ಎದ್ದು ಹೋಗಿ ಕಾವಲಿನ ಕಡೆ ಮುಖ ಮಾಡಿ ನಿಂತೆ. ಈ ಬಯಲಿನ ಅಂಚಿನ ಒಂದು ಊರಿನಲ್ಲಿ ಎಂಬತ್ತು ದಾಟಿದ ಒಬ್ಬ ಮುದುಕಿ, ಜಗತ್ತಿನ ಅತಿ ದೊಡ್ಡ ಯಂತ್ರ ಹುಟ್ಟುವ ಮೊದಲೇ ಅದಕ್ಕೆ ತನ್ನ ಮನೆಯಲ್ಲಿ ಕೆಲಸವಿಲ್ಲದ ಹಾಗೆ ಮಾಡಿಬಿಟ್ಟಳು!

ಮಂಜಮ್ಮನವರ ಮಾತನ್ನೂ ನಡೆಸಬೇಕು. ಇನ್ನೊಂದು ಅಪಾಯವೂ ಇದೆ. ಧ್ವನಿ ಅಸಲಿ ಎಂದು ತೋರಿಸುವ ನಿಮ್ಮ ಭಂಡಾರದ ಮುದ್ರೆಯನ್ನೂ ಆ ಯಂತ್ರದಿಂದ ನಕಲು ಮಾಡಬಹುದು. ನಾಳೆ ಯಾರಾದರೂ ಸುಳ್ಳು ಧ್ವನಿ ಕಟ್ಟಿ, ಬೇರೆ ಹೆಸರು ಸೇರಿಸಿ, ಚಿಕ್ಕಕ್ಕ ಹೇಳಿದ್ದು ಇದೇ ಎಂದು ತಂದರೆ ಇಲ್ಲ ಎನ್ನುವವರು ಯಾರು? ಅದಕ್ಕೆ ಹೊಸ ಮುದ್ರೆಯೂ ಬೇಕು.

ಪ್ರತಿ ಧ್ವನಿಗೂ ಬೆರಳಚ್ಚಿನಂಥ ಒಂದು ಸಾಲಿರುತ್ತದೆ, ಅಕ್ಷರ ಅಂಕಿ ಬೆರೆತದ್ದು. ಧ್ವನಿಯಲ್ಲಿ ಒಂದು ಉಸಿರು ಬದಲಾದರೂ ಇಡೀ ಸಾಲು ಬದಲಾಗುತ್ತದೆ. 2014ರಲ್ಲಿ ಬರೆದಿಟ್ಟ ಸಾಲುಗಳು ನಿಮ್ಮಲ್ಲಿ ಇದ್ದೇ ಇರುತ್ತವೆ. ಹಳೇ ಬೀಗ ತೆಗೆದು, ಸಾಲು ಕೂಡುತ್ತದೆಯೇ ನೋಡಿ, ಹೊಸ ಬೀಗ ಹಾಕೋಣ. ಧ್ವನಿಯನ್ನು ಯಾರೂ ಕೇಳಬೇಕಾಗಿಲ್ಲ. ನೆಟ್ ಇಲ್ಲದ ಕಂಪ್ಯೂಟರ್ ನಾನೇ ತರುತ್ತೇನೆ.

ಒಂದು ಸಂಶಯ. ತೀರಿಹೋದವರ ಮಕ್ಕಳಿಗೆ ಈ ಕಳವಿನ ವಿಷಯ ಯಾರು ತಿಳಿಸುತ್ತಾರೆ? ಅವರಿಗೂ ತಿಳಿಯುವ ಹಕ್ಕಿದೆಯಲ್ಲವೇ?

ನಿಮ್ಮ ತಮ್ಮ
ಮಲ್ಲಿಕ್

*

ಮೊಳಕಾಲ್ಮುರು
16 ಅಕ್ಟೋಬರ್ 2025

ಮಲ್ಲಿಕ್ ಅವರಿಗೆ,

ಅಕ್ಕ ಅನ್ನಿ, ಸಂತೋಷ. ದೀಪಾವಳಿ ಕಳೆದ ಮೇಲೆ ಬರುವ ಯಾವ ಭಾನುವಾರವಾದರೂ ಬನ್ನಿ. ಗ್ರಂಥಾಲಯಕ್ಕೆ ರಜೆ ಇರುತ್ತದೆ. ಊಟ ನಮ್ಮ ಮನೆಯಲ್ಲಿ, ಖಾರ ಕಡಿಮೆ ಮಾಡುವುದಿಲ್ಲ.

ತೀರಿಹೋದವರ ಮಕ್ಕಳ ವಿಷಯ ನನಗೆ ಬಿಡಿ.

ಶಶಿರೇಖಾ

*

ಕುದಾಪುರ
12 ನವೆಂಬರ್ 2025

ಶಶಿರೇಖಕ್ಕ,

ಸುಖವಾಗಿ ಬಂದು ಸೇರಿದೆ. ನಿಮ್ಮ ಕೆಂಪು ಚಟ್ನಿಯ ನೆನಪು ಎರಡು ದಿನ ನಾಲಗೆಯಿಂದ ಹೋಗಲಿಲ್ಲ.

ಕಾಯುವವಳು ಎಂದರೆ ವಯಸ್ಸಾದ, ಬಿಗಿ ಮುಖದ ಒಬ್ಬರನ್ನು ಕಲ್ಪಿಸಿಕೊಂಡಿದ್ದೆ. ನೀವು ನೋಡಿದರೆ ಬಾಗಿಲಲ್ಲಿ ನಿಂತು ನಗುತ್ತಿದ್ದೀರಿ. ಬಂಡೆಗಳ ಬೆಟ್ಟ ಕಾಣುವ ಆ ಕೋಣೆಯನ್ನು ನಾನು ಮರೆಯುವುದಿಲ್ಲ. ಒಂದೊಂದೇ ಹೆಸರು ಪರದೆಯ ಮೇಲೆ ಬರುತ್ತಿತ್ತು. ಹಳೇ ಸಾಲು ಮೇಲೆ, ಹೊಸ ಸಾಲು ಕೆಳಗೆ. ಒಂದೂ ತಪ್ಪಲಿಲ್ಲ. ಇದನ್ನು ನಾನು ಸಾವಿರ ಸಲ ಮಾಡಿರಬಹುದು. ಆದರೆ ಅಲ್ಲಿ ಎರಡು ಸಾಲು ಕೂಡಿದಾಗಲೆಲ್ಲ ಯಾರೋ ಒಬ್ಬರು ಬಾಗಿಲಿಗೆ ಬಂದು ಇದ್ದೀನಿ ಎಂದು ಹೇಳಿ ಹೋದ ಹಾಗಾಗುತ್ತಿತ್ತು.

ಒಂದು ಬೇಸರ ಉಳಿದಿದೆ. ನಡುವೆ ಗೀತಮ್ಮ ಎಂಬವರ ಹೆಸರು ಬಂದಾಗ ನಿಮ್ಮ ಮುಖ ಬಿಳಚಿಕೊಂಡಿತು. ಬೆಳಗಿನಿಂದ ಏನೂ ತಿಂದಿಲ್ಲ, ಸುಸ್ತಾಗಿರಬೇಕು ಎಂದುಕೊಂಡು ಟೀ ತರಲು ಬಸ್ ಸ್ಟ್ಯಾಂಡಿನ ಕಡೆ ಓಡಿದೆ. ಆ ಧ್ವನಿ ಬೀಗವಿಲ್ಲದೆ ತೆರೆದೇ ಇತ್ತು. ಹಾಗೆ ಬಿಟ್ಟು ಹೋಗಬಾರದಿತ್ತು. ಹೋಟೆಲಿನಲ್ಲಿ ಹಾಲು ಕಾಯಿಸುವ ತನಕ ಕಾಯಬೇಕಾಯಿತು. ತಿರುಗಿ ಬಂದಾಗ ನೀವು ಪರದೆಯ ಮುಂದೆ ಹಾಗೇ ಕೂತಿದ್ದಿರಿ. ಈಗ ಆರೋಗ್ಯ ಹೇಗಿದೆ? ಒಮ್ಮೆ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ.

ನಿಮ್ಮ ತಮ್ಮ
ಮಲ್ಲಿಕ್

*

ಮೊಳಕಾಲ್ಮುರು
23 ನವೆಂಬರ್ 2025

ತಮ್ಮಾ ಮಲ್ಲಿಕ್,

ನನಗೆ ಯಾವ ಕಾಯಿಲೆಯೂ ಇಲ್ಲ. ಗೀತಮ್ಮ ನನ್ನ ಅವ್ವ.

ಮೊದಲೇ ಹೇಳಿದ್ದರೆ ನೀನು ನನ್ನನ್ನು ಬೇರೆ ಕಣ್ಣಿನಿಂದ ನೋಡುತ್ತಿದ್ದೆ. ಅವಳ ಧ್ವನಿ ಬಂದಾಗ ಮೃದುವಾಗಿ ಮಾತಾಡುತ್ತಿದ್ದೆ, ಅಥವಾ ಕೇಳಿ ಅಕ್ಕ, ನಿಮಗೆ ಹಕ್ಕಿದೆ ಅನ್ನುತ್ತಿದ್ದೆ. ಹಾಗೆ ಯಾರಾದರೂ ಅಂದರೆ ನಾನು ನಿಲ್ಲುತ್ತಿದ್ದೆನೋ ಇಲ್ಲವೋ. ಅದಕ್ಕೇ ಹೇಳಲಿಲ್ಲ.

ಅವ್ವ ನೂಲಿಗೆ ಬಣ್ಣ ಹಾಕುವ ಕೆಲಸ ಮಾಡುತ್ತಿದ್ದಳು. ಬಿಸಿ ಹಬೆ ಕುಡಿದು ಕುಡಿದು ಎದೆ ಕೆಟ್ಟಿತ್ತು. ಒಂದು ಮಾತು ಪೂರ್ತಿ ಆಡುವಷ್ಟರಲ್ಲಿ ಎರಡು ಸಲ ಕೆಮ್ಮು. ನನ್ನ ಅಪ್ಪ ಯಾರೆಂದು ಚಿಕ್ಕವಳಿದ್ದಾಗ ಕೇಳುತ್ತಿದ್ದೆ. ದೊಡ್ಡವಳಾದ ಮೇಲೆ ಬಿಟ್ಟೆ. 2014ರಲ್ಲಿ ಎಲ್ಲರೂ ಹೇಳಿ ಮುಗಿಸಿದ ಮೇಲೆ ಕೊನೆಗೆ ತಾನೂ ಒಳಗೆ ಹೋದಳು. ನಾನು ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ಮುಚ್ಚಿದ ಬಾಗಿಲಿನಾಚೆ ಕೆಮ್ಮು ಮಾತ್ರ ಕೇಳುತ್ತಿತ್ತು. ಹೊರಗೆ ಬಂದವಳು ಸೆರಗಿನಲ್ಲಿ ಮುಖ ಒರೆಸಿಕೊಂಡು, "ಬೀಗದ ಕೈ ಯಾರ್ ತಾವ ಇರ್ತೈತೆ?" ಅಂದಳು. ನನ್ನ ಹತ್ತಿರ ಅಂದೆ. "ಹಂಗಾದ್ರೆ ಸೈ ಬಿಡು," ಅಂದು ಮನೆಗೆ ಹೋಗಿ ಅಡುಗೆ ಮಾಡಿದಳು. ಆಮೇಲೆ ಆ ವಿಷಯ ಎತ್ತಲೇ ಇಲ್ಲ. ಮರುವರ್ಷ ತೀರಿಕೊಂಡಳು.

ಐವತ್ತು ವರ್ಷ ಮುಗಿಯುವ ಹೊತ್ತಿಗೆ ನಾನು ತೊಂಬತ್ತರ ಹತ್ತಿರ ಇರುತ್ತೇನೆ. ಇದ್ದರೆ. ಅದಕ್ಕೂ ಮೊದಲು ಯಾವುದೋ ದೇಶದಲ್ಲಿ ಯಾರೋ, ನಮ್ಮ ಊರಿನ ಹೆಸರೂ ತಿಳಿಯದವರು, ಅವಳ ಮಾತು ಕೇಳಬಹುದು. ನಿನ್ನ ಜುಲೈ ಕಾಗದಕ್ಕೆ ಉತ್ತರ ಬರೆಯಲಾಗದೆ ಹೋದದ್ದು ಅದಕ್ಕೆ. ಕಪಾಟು ಒರೆಸಿದ್ದು ಅದಕ್ಕೆ. ತೀರಿಹೋದವರ ಮಕ್ಕಳಿಗೆ ಹೇಳುವುದು ನನಗೆ ಬಿಡು ಎಂದೆನಲ್ಲ, ಎಲ್ಲರ ಮನೆಗೂ ಹೋಗಿ ಬಂದಿದ್ದೇನೆ. ಒಬ್ಬಳಿಗೆ ಮಾತ್ರ ಬಸ್ಸು ಹತ್ತದೆ ತಿಳಿಯಿತು.

ನೀನು ಟೀ ತರಲು ಹೋದಾಗ ಕೋಣೆಯಲ್ಲಿ ನಾನು, ಆ ಕಂಪ್ಯೂಟರು, ಬಾಗಿಲು ತೆರೆದ ಅವ್ವ. ಒಂದು ಗುಂಡಿ ಒತ್ತಿದ್ದರೆ ಸಾಕಿತ್ತು. ನನ್ನ ಬೆರಳು ಅದರ ಮೇಲೆ ಇತ್ತು, ಸುಳ್ಳು ಹೇಳುವುದಿಲ್ಲ. ಚಿಕ್ಕಕ್ಕ ಹೇಳಿದಳು, ಏಕೆಂದರೆ ಅದು ಅವಳ ಮಾತು, ಹೇಳಲು ಅವಳಿದ್ದಳು. ಅವ್ವ ಹೇಳಲು ಇಲ್ಲ. ಅವಳು ನನಗೆ ಕೊಟ್ಟು ಹೋದದ್ದು ಹೆಸರನ್ನಲ್ಲ, ಬೀಗದ ಕೈಯನ್ನು. ಬೇರೆ ಯಾರ ಹತ್ತಿರ ಇದ್ದರೂ ಅವಳು ಸೈ ಅನ್ನುತ್ತಿರಲಿಲ್ಲ. ಅದನ್ನು ಯೋಚಿಸುತ್ತಾ ಇದ್ದ ಹಾಗೆ ಬೆರಳು ತಾನಾಗಿ ಹಿಂದೆ ಬಂತು. ಕದ್ದವರು ಕೇಳುವ ಮೊದಲು ಮಗಳಾದರೂ ಕೇಳಬೇಕಿತ್ತು ಎಂದು ನಿನಗೆ ಅನಿಸಬಹುದು. ಅವರು ಕೇಳಿದರೆ ಅದು ಕಳವು. ನಾನು ಕೇಳಿದ್ದರೆ?

ಆಮೇಲೆ ಪರದೆಯ ಮೇಲಿನ ಆ ಎರಡು ಸಾಲು ನೋಡಿದೆ. ಒಂದು ಉಸಿರು ಬದಲಾದರೂ ಸಾಲು ಕೂಡುವುದಿಲ್ಲ ಎಂದು ನೀನು ಬರೆದದ್ದು ನೆನಪಾಯಿತು. ಹನ್ನೊಂದು ವರ್ಷ ದೂರದ ಯಾವುದೋ ಯಂತ್ರದಲ್ಲಿ ಬಿದ್ದಿದ್ದು, ಕಳ್ಳರ ಕೈ ಸೋಕಿ ಬಂದರೂ ಮೇಲಿನ ಸಾಲು, ಕೆಳಗಿನ ಸಾಲು ಒಂದೇ ಇದ್ದವು. ಅಂದರೆ ಅವಳು ಆಡಿದ ಮಾತೆಲ್ಲ ಇದೆ. ನಡುವೆ ಸುಮ್ಮನಾದದ್ದೂ ಇದೆ. ನನ್ನ ಹೆಸರನ್ನು ಎಲ್ಲಾದರೂ ಹೇಳಿದ್ದರೆ ಅದೂ ಇದೆ. ಬಾಗಿಲಾಚೆ ನಾನು ಕೇಳಿಸಿಕೊಂಡ ಆ ಕೆಮ್ಮು, ಒಂದೂ ಬಿಡದೆ, ಇದೆ. ಅವಳ ಧ್ವನಿ ಕೇಳಬಾರದು ಎಂದು ಕರಾರಿತ್ತು. ಸಾಲು ಓದಬಾರದು ಎಂದು ಯಾರೂ ಹೇಳಿರಲಿಲ್ಲ.

ನೀನು ಟೀ ಲೋಟ ಹಿಡಿದು ಬರುವ ತನಕ ಅದನ್ನೇ ಓದುತ್ತಿದ್ದೆ ತಮ್ಮಾ. ಒಂದೊಂದು ಅಕ್ಷರ, ಒಂದೊಂದು ಅಂಕಿ, ನಿಧಾನವಾಗಿ, ಬಾಯಿಬಿಟ್ಟು.

ನಿನ್ನ ಅಕ್ಕ
ಶಶಿರೇಖಾ